ಶಾಲೆಯ ಸುತ್ತ ಸಾವಿರ ಅಡಿ

ಶಾಲೆಯ ಬಳಿ ಬಂದೂಕು ತರಬಾರದೆನ್ನಲು ಕಾನೂನು ಬೇಕೇ ಎಂದು ನೀವು ಕೇಳಬಹುದು. ಅಮೆರಿಕಕ್ಕೆ ಬೇಕಾಯಿತು. ಶಾಲೆಯಿಂದ 1000 ಅಡಿಯೊಳಗೆ ಬಂದೂಕು ಹೊಂದಿರುವುದು ಅಪರಾಧವೆಂದು ಅಲ್ಲಿನ ಸಂಸತ್ತು 1990ರಲ್ಲಿ ಕಾಯ್ದೆ ಮಾಡಿತು.

1992ರಲ್ಲಿ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ 12ನೇ ತರಗತಿಯ ವಿದ್ಯಾರ್ಥಿಯೊಬ್ಬ ಪಿಸ್ತೂಲು, ಐದು ಗುಂಡುಗಳೊಂದಿಗೆ ಶಾಲೆಯಲ್ಲಿ ಸಿಕ್ಕಿಬಿದ್ದ. ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ 5-4ರ ಬಹುಮತದಿಂದ ಕಾಯ್ದೆಯನ್ನೇ ರದ್ದುಪಡಿಸಿತು. ಬಂದೂಕು ತಂದದ್ದು ಸರಿ ಎಂದಲ್ಲ. ಅಂತರರಾಜ್ಯ ವ್ಯಾಪಾರವನ್ನು ನಿಯಂತ್ರಿಸುವ ಸಂಸತ್ತಿನ ಅಧಿಕಾರ ಶಾಲೆಯ ಆವರಣದವರೆಗೆ ಚಾಚದು ಎಂದು. 1996ರಲ್ಲಿ ಸಂಸತ್ತು ಆ ವ್ಯಾಪಾರಕ್ಕೆ ಸಂಬಂಧಿಸಿದ ಬಂದೂಕುಗಳಿಗೆ ಮಾತ್ರ ಅನ್ವಯವೆಂದು ತಿದ್ದಿ ಕಾಯ್ದೆಯನ್ನು ಮತ್ತೆ ತಂದಿತು. ಆಯಾ ರಾಜ್ಯದ ಪರವಾನಗಿ ಪಡೆದವರಿಗೆ ವಿನಾಯಿತಿ ಇಂದಿಗೂ ಇದೆ.

ವಿದ್ಯಾರ್ಥಿಗಳೇ, ಮಕ್ಕಳನ್ನು ಕಾಯಲು ಸದುದ್ದೇಶವೊಂದೇ ಸಾಲದು. ಕಾನೂನಿನ ಒಂದೊಂದು ಮಾತೂ ಗಟ್ಟಿಯಾಗಿರಬೇಕು.