ಹೆಪಟೈಟಿಸ್ ಇ: ಯಾರಿಗೆ ಹೆಚ್ಚು ಅಪಾಯ?

ಹೆಪಟೈಟಿಸ್ ಇ ಎಂದರೆ ವೈರಸ್‌ನಿಂದ ಬರುವ ಯಕೃತ್ತಿನ (ಲಿವರ್) ಉರಿಯೂತ. ನಮ್ಮ ದೇಶದಲ್ಲಿ ಇದು ಮುಖ್ಯವಾಗಿ ಕಲುಷಿತ ಕುಡಿಯುವ ನೀರಿನಿಂದ ಹರಡುತ್ತದೆ.

ಪತ್ತೆಯಾದದ್ದು ಹೇಗೆ?
1955–56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆ ಬಂತು. ಅದನ್ನು ಹೆಪಟೈಟಿಸ್ ಎ ಎಂದೇ ತಿಳಿಯಲಾಗಿತ್ತು. ಆಗ ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಮತ್ತು ಅಮೆರಿಕದ ವಿಜ್ಞಾನಿಗಳು ಮತ್ತೆ ಪರೀಕ್ಷಿಸಿದರು. ಕಾರಣ ಎ ಅಲ್ಲ, ಬಿ ಕೂಡ ಅಲ್ಲ ಎಂದು 1980ರಲ್ಲಿ ಪ್ರಕಟಿಸಿದರು. ಮುಂದೆ ಈ ವೈರಸ್‌ಗೆ 'ಇ' ಎಂಬ ಹೆಸರು ಬಂತು.

ಯಾರು ಎಚ್ಚರ ವಹಿಸಬೇಕು?
ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಆದರೆ ಕೊನೆಯ ಮೂರು ತಿಂಗಳ ಗರ್ಭಿಣಿಯರಲ್ಲಿ ಸೋಂಕು ತಗಲಿದ 100 ಮಂದಿಯಲ್ಲಿ 20–25 ಮಂದಿಯವರೆಗೆ ಸಾವಿಗೀಡಾಗಬಹುದು. ಸಿರೋಸಿಸ್‌ನಂತಹ ದೀರ್ಘಕಾಲದ ಯಕೃತ್ತಿನ ಕಾಯಿಲೆ ಇರುವವರಿಗೂ ಯಕೃತ್ತು ವಿಫಲವಾಗುವ ಅಪಾಯವಿದೆ.

ನೀವು ಏನು ಮಾಡಬೇಕು?
- ನೀರನ್ನು ಕುದಿಸಿ ಆರಿಸಿ ಕುಡಿಯಿರಿ.
- ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ವೈದ್ಯರಿಗೆ ತೋರಿಸಿ. ಗರ್ಭಿಣಿಯಾಗಿದ್ದರೆ ಅಂದೇ ಹೋಗಿ.
- ಪ್ಯಾರಸಿಟಮಾಲ್ ಆಗಲಿ, ನಾಟಿ ಔಷಧವಾಗಲಿ ವೈದ್ಯರನ್ನು ಕೇಳದೆ ಕೊಡಬೇಡಿ.
- ರೋಗಿಗೆ ಮಂಪರು, ಗೊಂದಲ ಅಥವಾ ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.