ಸಭಿಕರು ಯಾರು?

‘ಸಭಿಕರೇ’ ಎಂದು ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ಒಳಗೊಳಗೇ ನಗು ಬರುತ್ತದೆ. ಸಂಸ್ಕೃತದಲ್ಲಿ ಸಭಿಕ ಎಂದರೆ ಜೂಜಿನ ಮನೆಯ ಯಜಮಾನ. ಶೂದ್ರಕನ ‘ಮೃಚ್ಛಕಟಿಕ’ದ ಎರಡನೆಯ ಅಂಕದಲ್ಲಿ ಹತ್ತು ಹೊನ್ನಿನ ಬಾಕಿಗಾಗಿ ಸಂವಾಹಕನನ್ನು ಬೀದಿಬೀದಿ ಅಟ್ಟಿಸಿಕೊಂಡು ಬರುವ ಮಾಥುರ ಅಂಥ ಸಭಿಕ. ಯಾಜ್ಞವಲ್ಕ್ಯಸ್ಮೃತಿಯಂತೂ ಗೆಲುವಿನಲ್ಲಿ ಅವನ ಪಾಲೆಷ್ಟು ಎಂಬುದನ್ನೂ ಗೊತ್ತುಮಾಡಿದೆ. ಕನ್ನಡಕ್ಕೆ ಬಂದ ಮೇಲೆ ಅವನು ಸಾಧುವಾಗಿ ಕುರ್ಚಿಯಲ್ಲಿ ಕುಳಿತು ಕೇಳುವವನಾದ.

ಜೂಜಿಗೂ ಸಭೆಗೂ ನಂಟು ಹಳೆಯದು. ಋಗ್ವೇದದ ಜೂಜುಗಾರ, ಇಂದು ಗೆಲ್ಲುವೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಹೋಗುವುದು ಸಭೆಗೇ. ಅದೇ ಮಾತಿನಿಂದ ‘ಸಭ್ಯ’ವೂ ಹುಟ್ಟಿತು: ಸಭೆಗೆ ತಕ್ಕವನು. ಜನರ ಕೂಟಕ್ಕೂ ಅವರು ಕೂಡುವ ಕಟ್ಟಡಕ್ಕೂ ಆಗ ಒಂದೇ ಹೆಸರು. ಮಹಾಭಾರತದಲ್ಲಿ ಮಯ ಕಟ್ಟಿದ್ದೂ ಸಭೆ, ಪಗಡೆಯಾಟಕ್ಕೆಂದು ಹಸ್ತಿನಾವತಿಯಲ್ಲಿ ಎದ್ದದ್ದೂ ಸಭೆ. ಅಲ್ಲಿಗೆ ದ್ರೌಪದಿಯನ್ನು ಎಳೆತಂದರು. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಒಡ್ಡುವ ಹಕ್ಕೆಲ್ಲಿದೆ ಎಂದು ಅವಳು ಕೇಳಿದಾಗ ಭೀಷ್ಮನೂ ತಡವರಿಸಿದ. ಗಂಡಸರು ಸಭೆಗೆ ಹೋಗುತ್ತಾರೆ, ಹೆಂಗಸರಲ್ಲ ಎಂದು ಮೈತ್ರಾಯಣೀ ಸಂಹಿತೆ ಹೇಳುತ್ತದೆ. ಸಭೆಯಲ್ಲಿ ಅವಳ ಪಾಲಿಗೆ ಜಾಗವೇ ಇರಲಿಲ್ಲ. ಅವಳು ಅಲ್ಲಿ ಬರಿಯ ಪಣ.

ಉತ್ತರಮೇರೂರಿನ ಹತ್ತನೆಯ ಶತಮಾನದ ಚೋಳ ಶಾಸನಗಳನ್ನು ಪ್ರಜಾಪ್ರಭುತ್ವದ ತೊಟ್ಟಿಲು ಎಂದು ಹೊಗಳುವವರುಂಟು. ಆದರೆ ಅದು ಬ್ರಾಹ್ಮಣರ ಸಭೆ. ಸಮಿತಿಗೆ ಚೀಟಿ ಎತ್ತಲು ಭೂಮಿ, ಸ್ವಂತ ಮನೆ, ವೇದದ ಓದು ಬೇಕಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಕೂಡಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿದ್ದವರೂ ಹೆಚ್ಚಾಗಿ ಜಮೀನುದಾರರು, ವರ್ತಕರು. ದಿವಾನರ ವರದಿ ಕೇಳಬಹುದಿತ್ತು, ಕಷ್ಟಸುಖ ಅರಿಕೆ ಮಾಡಬಹುದಿತ್ತು. ಕಾನೂನು ಮಾಡುವ ಅಧಿಕಾರವಿರಲಿಲ್ಲ.

1954ರಲ್ಲಿ ದೆಹಲಿಯ ಕೆಳಮನೆಗೆ ಲೋಕಸಭೆ ಎಂಬ ಹೆಸರು ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1992ರ 73ನೆಯ ತಿದ್ದುಪಡಿ. ಅದರ ಪ್ರಕಾರ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲರೂ ಸೇರಿದರೆ ಗ್ರಾಮಸಭೆ. ಯಾರೂ ಆರಿಸಿ ಕಳಿಸಬೇಕಿಲ್ಲ.

ಹೋದ ವರ್ಷ ಅಂಥದೊಂದು ಸಭೆಗೆ ಹೋಗಿದ್ದೆ. ಒಳಗೆ ಕುರ್ಚಿಗಳು ಖಾಲಿ ಇದ್ದರೂ ಹೆಂಗಸರು ಜಗಲಿಯಲ್ಲೇ ನಿಂತಿದ್ದರು. ‘ಒಳಗೆ ಬನ್ನಿ ಅಮ್ಮಾ’ ಎಂದೆ. ‘ಸಭೆ ನಡೀತಾ ಐತಲ್ಲಪ್ಪಾ’ ಎಂದರು ಒಬ್ಬರು.