ಬಾಯ್ಲರಿನಿಂದ ಬಸಿರಿನವರೆಗೆ

ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದ ಹೆಂಗಸರು ಹೇಳುವ ದೂರು ಸಾಮಾನ್ಯವಾಗಿ ಎರಡು. ನೀರು ಕುಡಿದು ಕುಡಿದು ಸಾಕಾಯಿತು ಎನ್ನುವುದು ಒಂದು. ಡಾಕ್ಟರು ಆ ಪ್ರೋಬನ್ನು ಒತ್ತಿ, ಓರೆ ಮಾಡಿ, ‘ಮಗ್ಗುಲಾಗಿ’ ಎಂದು ಹೇಳಿ, ಮತ್ತೆ ಒತ್ತಿ ಕಾಡಿದರು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಸಹಾನುಭೂತಿಯಿದೆ. ಎರಡನೆಯದಕ್ಕೆ ಒಂದು ಚರಿತ್ರೆಯೇ ಇದೆ.

ಅದು ಶುರುವಾದದ್ದು ಬಾಯ್ಲರ್ ಕಾರ್ಖಾನೆಯಲ್ಲಿ ಎಂದರೆ ನಂಬುತ್ತೀರಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ಶಾಸ್ತ್ರದ ಪ್ರೊಫೆಸರರಿದ್ದರು. ಲೋಹದೊಳಗಿನ ಬಿರುಕನ್ನು ಕಿವಿಗೆ ಕೇಳದ ಧ್ವನಿಯಿಂದ ಪತ್ತೆ ಮಾಡುತ್ತಾರೆಂದು ಅವರಿಗೆ ತಿಳಿಯಿತು. 1955ರ ಜುಲೈನಲ್ಲಿ, ಆಪರೇಷನ್ ಮಾಡಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ರೆನ್‌ಫ್ರೂವಿನ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಾರ್ಖಾನೆಗೆ ಹೊರಟೇಬಿಟ್ಟರು. ಹೋಲಿಸಿ ನೋಡಲು ಅಲ್ಲಿ ಒಂದು ದೊಡ್ಡ ಮಾಂಸದ ತುಂಡೂ ಇತ್ತಂತೆ! ನೀರುಗಡ್ಡೆಯಲ್ಲಿ ಧ್ವನಿ ತಡೆಯಿಲ್ಲದೆ ಸಾಗಿ ಆಚೆಯ ಗೋಡೆಗೆ ಬಡಿದು ಹಿಂತಿರುಗಿತು. ಗಟ್ಟಿ ಗಡ್ಡೆಯಲ್ಲಿ ನಡುದಾರಿಯಲ್ಲೇ ಸೊರಗಿತು.

ಮುಂದೆ ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರೂ ಜಾನ್ ಮ್ಯಾಕ್‌ವಿಕಾರ್ ಎಂಬ ವೈದ್ಯರೂ ಜೊತೆಗೂಡಿದರು. ಜಠರದ ಕ್ಯಾನ್ಸರ್ ಬಲಿತಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ಒಬ್ಬ ಹೆಂಗಸನ್ನು ಕೈಬಿಟ್ಟಾಗಿತ್ತು. ಯಂತ್ರ ತೋರಿಸಿದ್ದು ಬೇರೆ: ಅಂಡಾಶಯದ ದೊಡ್ಡ ನೀರುಗಡ್ಡೆ. ಅದನ್ನು ತೆಗೆದರು, ಆಕೆ ಬದುಕಿಕೊಂಡರು. 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ನಲ್ಲಿ ಮೂವರ ಲೇಖನ ಬಂತು. (ಇದೇ ಯಂತ್ರ ನಮ್ಮಲ್ಲಿ ಹೆಣ್ಣುಕೂಸಿಗೆ ಮುಳುವಾಗಿ 1994ರಲ್ಲಿ ಕಾನೂನೇ ಬರಬೇಕಾಯಿತು. ಆ ಸಂಕಟವನ್ನು ಬೇರೆಯಾಗಿಯೇ ಬರೆಯಬೇಕು.)

ಆಗ ಹೊಟ್ಟೆಗೆ ಸವರುತ್ತಿದ್ದದ್ದು ಆಲಿವ್ ಎಣ್ಣೆ. ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿದರೆ ಧ್ವನಿ ಒಳಗೇ ಹೋಗದು. ಒತ್ತುವುದೂ ಅದಕ್ಕೇ. ಓರೆ ಮಾಡುವುದೇಕೆ? ಗೋಡೆಗೆ ನೆಟ್ಟಗೆ ಎಸೆದ ಚೆಂಡು ನಮ್ಮ ಕೈಗೆ ಬರುತ್ತದೆ, ಓರೆಯಾಗಿ ಎಸೆದದ್ದು ಪಕ್ಕದ ಮನೆಯ ಅಂಗಳಕ್ಕೆ ಹೋಗುತ್ತದೆ. ಧ್ವನಿಯೂ ಅಂಗದ ಅಂಚಿಗೆ ನೆಟ್ಟಗೆ ಬಿದ್ದಾಗಲೇ ಆ ಅಂಚು ಚೆನ್ನಾಗಿ ಮೂಡುತ್ತದೆ. ಇನ್ನು ಚಿತ್ರದ ಸೂಕ್ಷ್ಮತೆ. ದಪ್ಪ ಎಳೆಯಲ್ಲಿ ರಂಗೋಲಿ ಬಿಟ್ಟರೆ ಪಕ್ಕಪಕ್ಕದ ಚುಕ್ಕಿಗಳು ಕೂಡಿಕೊಂಡುಬಿಡುತ್ತವಲ್ಲ, ಧ್ವನಿಯ ಎಳೆ ಅಗಲವಾದರೂ ಅಷ್ಟೇ. ಸೆಕೆಂಡಿಗೆ 35 ಲಕ್ಷ ಸಲ ಕಂಪಿಸುವ ಧ್ವನಿಯ ಅಲೆ ಮೈಯೊಳಗೆ ಅರ್ಧ ಮಿಲಿಮೀಟರಿಗೂ ಕಡಿಮೆ ಉದ್ದ. ಕಂಪನ ಹೆಚ್ಚಿಸಿದರೆ ಚಿತ್ರ ಇನ್ನೂ ನಯವಾಗುತ್ತದೆ, ಆದರೆ ಆಳಕ್ಕಿಳಿಯುವ ಮೊದಲೇ ಧ್ವನಿ ಸೊರಗುತ್ತದೆ.

ಕೈ ಬದಲಾದರೆ ಚಿತ್ರವೂ ಬದಲಾಗುತ್ತಿತ್ತು. ಅದಕ್ಕಾಗಿ ಬ್ರೌನ್ ಹಾಸಿಗೆಯ ಮೇಲಿಂದ ಇಳಿದು ತಾನೇ ತೊನೆದಾಡುವ ಯಂತ್ರವೊಂದನ್ನೂ ಕಟ್ಟಿದರು. ಕಾಲಕ್ರಮದಲ್ಲಿ ಪ್ರೋಬ್ ಮರಳಿ ಮನುಷ್ಯರ ಕೈಗೇ ಬಂತು. 1960ರ ದಶಕದಲ್ಲಿ ಗರ್ಭದಲ್ಲಿನ ಮಗುವಿನ ತಲೆಯ ಅಗಲ ಅಳೆಯತೊಡಗಿದ ಮೇಲಂತೂ ದಿಕ್ಕಿನ ವಿಷಯ ಇನ್ನೂ ನಾಜೂಕಾಯಿತು. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುವುದಿಲ್ಲವೇ? ಹಾಗೆ ಓರೆಯಾಗಿ ಕಂಡ ತಲೆಯ ಅಳತೆ ತಪ್ಪಿದರೆ, ಎಷ್ಟು ವಾರ ತುಂಬಿತು ಎಂಬ ಲೆಕ್ಕವೂ ತಪ್ಪುತ್ತದೆ. ಸರಿಯಾದ ಅಡ್ಡಸೀಳು ಸಿಗುವವರೆಗೆ ಡಾಕ್ಟರು ಹುಡುಕುತ್ತಲೇ ಇರಬೇಕು. ಅಷ್ಟರಲ್ಲಿ ಮಗು ಒಳಗೆ ಹೊರಳಿತೋ, ಮತ್ತೆ ಮೊದಲಿನಿಂದ.